ಕಾಗದದ ಮೇಲೆ ಯಂತ್ರದ ಹೊಲಿಗೆ: ಔಚಿತ್ಯದ ದೃಷ್ಟಿಯಿಂದ ಒಂದು ವಿವೇಚನೆ

ಕೈಯಿಂದ ತಯಾರಿಸಿದ ಕಾಗದವನ್ನು ಮಡಿಸಿ, ಅದರ ಮೇಲೆ ಹೊಲಿಗೆಯ ಯಂತ್ರದಿಂದ ಬಳ್ಳಿ, ಹೂವು, ಆಕೃತಿಗಳನ್ನು ಮೂಡಿಸಿ, ಶುಭಾಶಯ ಪತ್ರವಾಗಿ ಮಾರುವ ಕೆಲಸವು ಇಂದು ಹಲವೆಡೆ ರೂಢಿಯಲ್ಲಿದೆ. ಇದನ್ನು ಬಿಡುವೇಳೆಯ ವಿನೋದವೆಂದು ತಳ್ಳಿಹಾಕುವವರುಂಟು. ಉದ್ಯೋಗದ ದಾರಿಯೆಂದು ಹೊಗಳುವವರೂ ಉಂಟು. ಆದರೆ ಕಲೆಯೆಂದು ಭಾವಿಸಿ ಅದರ ಗುಣದೋಷಗಳನ್ನು ತೂಗಿ ನೋಡುವ ಯತ್ನ ವಿರಳ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯನ್ನು ಕಣ್ಣ ಮುಂದಿರಿಸಿಕೊಂಡು ಅಂಥ ವಿಚಾರವೊಂದನ್ನು ಮಾಡುವುದು ಈ ಲೇಖನದ ಉದ್ದೇಶ.

ಈ ಸೀಮೆಗೆ ಯಂತ್ರವು ಹೊಸತಲ್ಲ. ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯು 1887ರಲ್ಲಿ ಆರಂಭವಾಯಿತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾಯಿತು. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು, ಈಗ ತಾನೇ ತಾಲೂಕಾಗಿರುವ ಮೂಡಲಗಿಯ ಹಳ್ಳಿಗಳಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವು ಅಪರಿಚಿತ ವಸ್ತುವಲ್ಲ. ಕೈಹೊಲಿಗೆಯ ಎರಡು ಪರಂಪರೆಗಳೂ ಇಲ್ಲಿಯ ಬದುಕಿಗೆ ಸೇರಿವೆ. ಒಂದು ಧಾರವಾಡ, ಬೆಳಗಾವಿ, ವಿಜಯಪುರ ಪ್ರಾಂತಗಳ ಕಸೂತಿ. ಇನ್ನೊಂದು ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿಯುವ ಕೌದಿ. ಇಲ್ಲಿಯ ಹೊಲಿಗೆಗಾರ್ತಿಯೊಬ್ಬಳು ಕಾಗದದ ಮೇಲೆ ಸೂಜಿ ನಡೆಸಹೊರಟರೆ ಈ ಎರಡರಲ್ಲಿ ಯಾವುದನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಕಸೂತಿಯೇ ಮಾದರಿಯಾಗಬೇಕೆಂದು ಯಾರಿಗಾದರೂ ಮೊದಲು ತೋರುವುದು ಸಹಜ. ಗೋಪುರ, ತೇರು, ಪಲ್ಲಕ್ಕಿ, ಆನೆ, ನವಿಲು, ತುಳಸೀಕಟ್ಟೆ ಮುಂತಾದ ಅದರ ಆಕೃತಿಗಳು ಸುಂದರವಾದವು, ಪ್ರಸಿದ್ಧವಾದವು. ಕೊಳ್ಳುವವನು ಒಡನೆಯೇ ಗುರುತಿಸುವಂಥವು. ಆದರೆ ಆಕೃತಿಯನ್ನು ಅದು ಹುಟ್ಟಿಬಂದ ಕ್ರಿಯೆಯಿಂದ ಬಿಡಿಸಿ ನೋಡುವುದು ವಿಮರ್ಶೆಯಲ್ಲಿ ತಪ್ಪು ದಾರಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ಕಸೂತಿಯ ನಾಲ್ಕು ಹೊಲಿಗೆಗಳೂ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವಂಥವು. ಮೊದಲೇ ಗೆರೆ ಬರೆದುಕೊಂಡು ಅದರ ಮೇಲೆ ಹೊಲಿಯುವ ಪದ್ಧತಿ ಅಲ್ಲಿಲ್ಲ. ಗವಂತಿಯಲ್ಲಿ ಸೂಜಿಯು ಒಂದು ಮನೆ ಬಿಟ್ಟು ಒಂದು ಮನೆ ಹಿಡಿದು ಮುಂದೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿ, ಬಿಟ್ಟ ಮನೆಗಳನ್ನು ತುಂಬುತ್ತದೆ. ಆದುದರಿಂದಲೇ ಗಂಟಿಲ್ಲದೆ, ಬಟ್ಟೆಯ ಎರಡು ಮೈಗಳಲ್ಲಿಯೂ ಒಂದೇ ಆಕೃತಿ ಕಾಣುತ್ತದೆ. ತೇರಿನ ಮೆಟ್ಟಿಲು ಮೆಟ್ಟಿಲಾದ ಅಂಚು ಎಳೆಯ ಎಣಿಕೆಯಿಂದ ತಾನಾಗಿ ಬಂದದ್ದೇ ಹೊರತು ಚಿತ್ರಕಾರನ ಇಚ್ಛೆಯಿಂದ ಬಂದದ್ದಲ್ಲ.

ಕಾಗದದಲ್ಲಿ ಎಣಿಸಲು ಎಳೆಯೇ ಇಲ್ಲ. ಹಿಂದೆ ನಮ್ಮ ನಾಡಿನಲ್ಲಿ ಲೆಕ್ಕಪತ್ರಗಳಿಗೆ ಬಳಸುತ್ತಿದ್ದ ಕಡತದಲ್ಲಿ ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿಯುತ್ತಿದ್ದರು. ಅಲ್ಲಿ ಅರಿವೆಯು ಅರಿವೆಯಾಗಿಯೇ ಉಳಿಯುತ್ತಿತ್ತು. ಕೈಕಾಗದದ ರೀತಿ ಬೇರೆ. ಹತ್ತಿಯ ಚಿಂದಿಯನ್ನು ಕತ್ತರಿಸಿ, ನೀರಿನಲ್ಲಿ ಅರೆದು, ನಾರಿನ ತಿಳಿಯನ್ನು ಜಾಲರಿಯ ಚೌಕಟ್ಟಿನಲ್ಲಿ ಎತ್ತಿ ಒಣಗಿಸಿದಾಗ ಆ ಕಾಗದವಾಗುತ್ತದೆ. ಹಾಸು ಹೊಕ್ಕುಗಳ ವ್ಯವಸ್ಥೆ ಅಳಿದು, ನಾರುಗಳು ದಿಕ್ಕಿಲ್ಲದೆ ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಬಟ್ಟೆಯಲ್ಲಿ ಸೂಜಿ ಎಳೆಗಳನ್ನು ಸರಿಸಿ ನುಗ್ಗುತ್ತದೆ, ಸೂಜಿ ಹೋದ ಮೇಲೆ ಎಳೆಗಳು ಮತ್ತೆ ಕೂಡುತ್ತವೆ. ಕಾಗದದಲ್ಲಿ ಮಾಡಿದ ರಂಧ್ರ ರಂಧ್ರವಾಗಿಯೇ ಉಳಿಯುತ್ತದೆ. ಬಟ್ಟೆಯ ಮೇಲೆ ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು. ಕಾಗದದ ಮೇಲೆ ತಪ್ಪನ್ನು ಅಳಿಸಲಾಗದು.

ಯಂತ್ರದ ಸ್ವಭಾವವನ್ನೂ ಇದರೊಡನೆ ನೋಡಬೇಕು. 1846ರಲ್ಲಿ ಇಲಿಯಾಸ್ ಹೋವ್ ಅಮೇರಿಕದಲ್ಲಿ ಹಕ್ಕುಪತ್ರ ಪಡೆದ ಯಂತ್ರದಿಂದ ಮೊದಲುಗೊಂಡು ಇಂದಿನ ಮನೆಯ ಯಂತ್ರದ ವರೆಗೆ ತತ್ತ್ವ ಒಂದೇ: ಮೇಲಿನ ಸೂಜಿಯ ದಾರವೂ ಕೆಳಗಿನ ದಾರವೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆ ಹಿಡಿತವು ಬಟ್ಟೆಯ ದಪ್ಪದೊಳಗೆ ಅಡಗಬೇಕು. ಕಾಗದವು ತೆಳುವೂ ಬಿರುಸೂ ಆದುದರಿಂದ, ದಾರಗಳ ಬಿಗಿ ಸ್ವಲ್ಪ ತಪ್ಪಿದರೂ ಕೊಂಡಿಗಳು ಮೇಲೆದ್ದು ಕಾಣುತ್ತವೆ. ಹದಿನೈದು ಸೆಂಟಿಮೀಟರಿನ ಗೆರೆಯೊಂದನ್ನು 3 ಮಿಲಿಮೀಟರಿನ ಹೊಲಿಗೆಯಲ್ಲಿ ತೆಗೆದರೆ ಸುಮಾರು 50 ರಂಧ್ರಗಳಾಗುತ್ತವೆ. ಒಂದೂವರೆ ಮಿಲಿಮೀಟರಿನಲ್ಲಿ ತೆಗೆದರೆ 100. ಎರಡನೆಯದು ಅಲಂಕಾರವಾಗಿ ಉಳಿಯದೆ ಅಂಚೆಚೀಟಿಯ ಅಂಚಿನಂತೆ ಹರಿಯಲು ಸಿದ್ಧವಾದ ಗೆರೆಯಾಗುತ್ತದೆ. ಇಂಥ ಕಾಗದದ ಮೇಲೆ ಗವಂತಿಯನ್ನು ಅನುಕರಿಸಲು ಯಂತ್ರವನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿದರೆ, ಎರಡನೆಯ ಸಲದ ಸೂಜಿಯು ಹಳೆಯ ರಂಧ್ರದಲ್ಲೇ ಇಳಿಯುವುದಿಲ್ಲ. ಅದರ ಪಕ್ಕದಲ್ಲಿ ಇರಿದು ಕಾಗದವನ್ನು ಸೀಳುತ್ತದೆ. ಮೆಂತಿಯ ಒತ್ತು ಹೊಲಿಗೆಯಂತೂ ಆಕೃತಿಯ ನಡುಭಾಗವನ್ನೇ ಉದುರಿಸಬಲ್ಲುದು.

ಮೊದಲ ಮಹಾಯುದ್ಧದ ಕಾಲದಲ್ಲಿ, 1914ರಿಂದ 1918ರ ವರೆಗೆ, ಫ್ರಾನ್ಸಿನಲ್ಲಿದ್ದ ಸೈನಿಕರು ತಮ್ಮ ಮನೆಗಳಿಗೆ ಕಳುಹಿಸುತ್ತಿದ್ದ ಕಸೂತಿಯ ಅಂಚೆಪತ್ರಗಳನ್ನು ಇಲ್ಲಿ ನೆನೆಯಬಹುದು. ಅವುಗಳಲ್ಲಿ ಹೊಲಿಗೆಯನ್ನು ತೆಳುವಾದ ರೇಷ್ಮೆಯ ಜಾಲಿಯ ಮೇಲೆ ತೆಗೆದು, ಆಮೇಲೆ ರಟ್ಟಿನ ಚೌಕಟ್ಟಿಗೆ ಅಂಟಿಸುತ್ತಿದ್ದರು. ತುಂಬು ಹೊಲಿಗೆಯ ಭಾರವನ್ನು ಹೊತ್ತದ್ದು ಅರಿವೆಯೇ. ಕಾಗದವೇ ಆ ಭಾರವನ್ನು ಹೊರಬೇಕಾದಲ್ಲಿ ಹೊಲಿಗೆಯ ಕ್ರಮವೂ ಬದಲಾಗಬೇಕು.

ಹಾಗಾದರೆ ಕಾಗದಕ್ಕೆ ಒಪ್ಪುವ ಮಾದರಿ ಯಾವುದು? ಕೌದಿಯೆಂದು ನಮ್ಮ ಅಭಿಪ್ರಾಯ. ಕೌದಿಯ ಹೊಲಿಗೆಯು ಎಳೆಗಳನ್ನು ಎಣಿಸುವುದಿಲ್ಲ. ಹಲವು ಪದರಗಳನ್ನು ಹಿಡಿದಿಡುವುದೇ ಅದರ ಕೆಲಸ. ಅಂಚಿನಿಂದ ಹೊರಟು, ಅಂಚಿಗೆ ಸಮಾನಾಂತರವಾಗಿ, ಚೌಕದೊಳಗೆ ಚೌಕವಾಗಿ ಉದ್ದಕ್ಕೆ ಸಾಗುವ ಬಿಡಿಹೊಲಿಗೆ ಅದು. ಗೆರೆ ಗೆರೆಯನ್ನು ದಾಟುವುದು ಕಡಮೆ. ಹೊಲಿಗೆಯ ಕಾಲು ಉದ್ದ. ಗೆರೆಗಳ ನಡುವೆ ಬಯಲು ಧಾರಾಳ. ಕಾಗದವು ಬೇಡುವುದೂ ಇದನ್ನೇ, ಯಂತ್ರವು ಸಹಜವಾಗಿ ಕೊಡುವುದೂ ಇದನ್ನೇ. ಮೂಲೆಯಲ್ಲಿ ಸೂಜಿಯನ್ನು ಇಳಿಸಿಯೇ ಇರಿಸಿ ಕಾಗದವನ್ನು ತಿರುಗಿಸಿದರೆ ಚೌಕ ಕೆಡುವುದಿಲ್ಲ. ಕಾಲಿನಿಂದ ತುಳಿಯುವ ಯಂತ್ರವು ವಿದ್ಯುತ್ತಿನದಕ್ಕಿಂತ ನಿಧಾನವಾದರೂ, ಒಂದೊಂದೇ ಹೊಲಿಗೆಯನ್ನು ಹದವರಿತು ಹಾಕಲು ಈ ಕೆಲಸಕ್ಕೆ ಅದೇ ಮೇಲು. ಕೈಕಾಗದದ ಒರಟು ಮೈ, ಕತ್ತರಿಸದ ಅಂಚು, ಅಲ್ಲಲ್ಲಿ ಕಾಣುವ ನಾರು, ಇವೆಲ್ಲ ಗೆರೆಗಳ ನಡುವಿನ ಬಯಲಿನಲ್ಲಿ ಉಳಿದು ನೋಡುವವನಿಗೆ ದೊರೆಯುತ್ತವೆ. ತುಂಬು ಆಕೃತಿಯು ಅವನ್ನು ಮುಚ್ಚಿಬಿಡುತ್ತದೆ. ಮುಚ್ಚುವುದೇ ಆದರೆ ಕೈಕಾಗದವನ್ನು ಆರಿಸಿಕೊಂಡ ಪ್ರಯೋಜನವೇನು?

ಹಾಗೆಂದು ಕಸೂತಿಯಿಂದ ಕಲಿಯತಕ್ಕದ್ದು ಏನೂ ಇಲ್ಲವೆಂದು ತಿಳಿಯಬಾರದು. ಹೊಲಿದ ಪತ್ರಗಳ ಬೆನ್ನಿಗೆ ಇನ್ನೊಂದು ಹಾಳೆಯನ್ನು ಅಂಟಿಸಿ, ಗಂಟು ಗೊಜಲುಗಳನ್ನು ಮರೆಮಾಡುವುದುಂಟು. ಬೆನ್ನೂ ಮುಖದಷ್ಟೇ ಶುದ್ಧವಾಗಿರಬೇಕೆಂಬುದು ಕಸೂತಿಯ ಧರ್ಮ. ದಾರದ ತುದಿಗಳನ್ನು ಹಿಂಬದಿಗೆ ಎಳೆದು, ಅಚ್ಚುಕಟ್ಟಾಗಿ ಕಟ್ಟಿ, ಬೆನ್ನನ್ನು ತೆರೆದೇ ಬಿಟ್ಟ ಪತ್ರವು ಆ ಧರ್ಮವನ್ನು ಪಾಲಿಸಿದಂತಾಗುತ್ತದೆ. ಗೆರೆಯನ್ನು ಕೌದಿಯಿಂದಲೂ ನಿಷ್ಠೆಯನ್ನು ಕಸೂತಿಯಿಂದಲೂ ಪಡೆಯುವುದು ಯುಕ್ತ.

ಇಷ್ಟು ವಿವೇಚನೆಯ ಹಿಂದೆ ಸೌಂದರ್ಯದ ಪ್ರಶ್ನೆಯ ಜೊತೆಗೆ ಬದುಕಿನ ಪ್ರಶ್ನೆಯೂ ಇದೆ. ‘ಕಸೂತಿ’ ಎಂಬ ಹೆಸರನ್ನು ಕೈ ಮತ್ತು ನೂಲು ಎಂಬ ಅರ್ಥ ಬರುವಂತೆ ಬಿಡಿಸುವುದು ವಾಡಿಕೆ. ಕೈಯು ಆ ಹೆಸರಿನಲ್ಲಿಯೇ ಇದೆ. ಸೀರೆಯೊಂದಕ್ಕೆ ತುಂಬು ಕಸೂತಿ ಹಾಕಲು ತಿಂಗಳುಗಳೇ ಬೇಕಾಗಬಹುದು. ಯಂತ್ರದಿಂದ ಪತ್ರವೊಂದನ್ನು ಹೊಲಿಯಲು ನಿಮಿಷಗಳು ಸಾಕು. ಎರಡಕ್ಕೂ ಒಂದೇ ಹೆಸರಿಟ್ಟು ಮಾರಿದರೆ ಕೊಳ್ಳುವವನು ಬೆಲೆಯನ್ನು ಹೋಲಿಸುತ್ತಾನೆ. ಹೋಲಿಕೆಯಲ್ಲಿ ಸೋಲುವವಳು ಎಳೆಯೆಣಿಸಿ ಕಣ್ಣು ಸವೆಸಿದ ಹೆಂಗಸು. ಯಂತ್ರವು ಆಕೃತಿಗಳನ್ನು ಹತ್ತು ಜನಕ್ಕೆ ಮುಟ್ಟಿಸುವುದಿಲ್ಲವೇ ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಆಕೃತಿಯು ಹರಡುವುದು ನಿಜ. ಆದರೆ ಆಕೃತಿಯನ್ನು ಮಾತ್ರ ಬಲ್ಲವನು ಕೈಕೆಲಸಕ್ಕೆ ತಕ್ಕ ಬೆಲೆ ಕೊಡಲು ಕಲಿಯುವುದಿಲ್ಲ.

ಅನುಕರಣವೇ ದೋಷವೆಂದು ನಾವು ಹೇಳುತ್ತಿಲ್ಲ. ಗೋಕಾಕದ ಆಟಿಗೆಗಾರರು ಮಾಡುವ ಬಣ್ಣದ ಹಣ್ಣು ಕಾಯಿಗಳು ಕ್ಷಣಕಾಲ ಕಣ್ಣನ್ನು ಮೋಸಗೊಳಿಸುವಷ್ಟು ಸಹಜವಾದವು. ಆದರೂ ಅವನ್ನು ಆಟಿಗೆಯೆಂದೇ ಮಾರುತ್ತಾರೆ, ಹಣ್ಣೆಂದು ಯಾರೂ ಮಾರುವುದಿಲ್ಲ. ಆದುದರಿಂದ ಆ ಅನುಕರಣವು ನಿರ್ದುಷ್ಟವಾದ ಕಲೆ.

ಈ ಸೀಮೆಯ ಜನ ವಿಜಯದಶಮಿಯಂದು ಬನ್ನಿಯನ್ನು ಬಂಗಾರವೆಂದು ಪರಸ್ಪರ ಕೈಗೆ ಕೊಟ್ಟು ಒಳಿತನ್ನು ಕೋರುತ್ತಾರೆ. ಅದು ಎಲೆಯೆಂಬುದು ಕೊಡುವವನಿಗೂ ಗೊತ್ತು, ಪಡೆಯುವವನಿಗೂ ಗೊತ್ತು. ಶುಭಾಶಯ ಪತ್ರಕ್ಕೂ ಇದೇ ನ್ಯಾಯ ಸಲ್ಲಬೇಕು. ಅದು ಯಂತ್ರದ ಹೊಲಿಗೆಯೆಂದು ಅದರ ಮೇಲೆ ಸ್ಪಷ್ಟವಾಗಿ ಬರೆದಿರಲಿ; ಕಸೂತಿಯ ಹೆಸರನ್ನು ಕೈಗೇ ಬಿಟ್ಟುಕೊಡಲಿ.