‘ಸಂಸ್ಕರಿಸಿದ ತ್ಯಾಜ್ಯನೀರು’: ಒಂದು ಪದವಿಚಾರ

ನಗರಗಳು ಒಮ್ಮೆ ಬಳಸಿದ ನೀರನ್ನು ಶುದ್ಧಿಗೊಳಿಸಿ ಬೇಸಾಯಕ್ಕೂ ಕೈಗಾರಿಕೆಗಳಿಗೂ ಮರಳಿ ಒದಗಿಸುವ ಕ್ರಮವು ಹಬ್ಬಿದಂತೆಲ್ಲ ಅದನ್ನು ಹೇಳುವ ಮಾತುಗಳೂ ಕನ್ನಡದಲ್ಲಿ ಹುಟ್ಟಿವೆ. ಅವುಗಳಲ್ಲಿ ‘ಸಂಸ್ಕರಿಸಿದ ತ್ಯಾಜ್ಯನೀರು’ ಎಂಬುದು ಬಹಳವಾಗಿ ರೂಢವಾಗಿದೆ. ರೂಢವಾದ ಮಾತ್ರಕ್ಕೆ ಪ್ರಯೋಗವು ಸಾಧುವೆನಿಸದಾದುದರಿಂದ ಅದರ ಅರ್ಥವನ್ನು ಪರ್ಯಾಲೋಚಿಸತಕ್ಕದ್ದು.

‘ತ್ಯಾಜ್ಯ’ವೆಂದರೆ ಬಿಡತಕ್ಕದ್ದು. ‘ಸಂಸ್ಕಾರ’ವಾದರೋ ಮೀಮಾಂಸಕರ ಮತದಲ್ಲಿ ದ್ರವ್ಯವನ್ನು ಒಂದು ಪ್ರಯೋಜನಕ್ಕೆ ಯೋಗ್ಯವಾಗಿಸುವ ಕ್ರಿಯೆ, ಬತ್ತವನ್ನು ಕುಟ್ಟುವುದು ಅವರ ಪ್ರಸಿದ್ಧವಾದ ಉದಾಹರಣೆ. ಕುಟ್ಟಿದ ಅಕ್ಕಿಯನ್ನು ತ್ಯಾಜ್ಯವೆನ್ನುವವರು ಯಾರೂ ಇಲ್ಲ. ಆದಕಾರಣ ಒಂದೇ ನೀರನ್ನು ಸಂಸ್ಕೃತವೆಂದೂ ತ್ಯಾಜ್ಯವೆಂದೂ ಕರೆಯುವುದು ವ್ಯಾಹತವಾದ ಮಾತು.

ನದಿಗಳ ಗತಿಯೂ ಇದನ್ನೇ ಸಮರ್ಥಿಸುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟಿ ಹುಣಸೂರನ್ನು ಹಾಯ್ದುಬರುವ ಲಕ್ಷ್ಮಣತೀರ್ಥವೂ, ಪಿರಿಯಾಪಟ್ಟಣದ ಎಲ್ಲೆಯನ್ನು ಮುಟ್ಟಿ ಕೃಷ್ಣರಾಜನಗರದ ಸೀಮೆಯ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿಯೂ ಕೃಷ್ಣರಾಜಸಾಗರದಲ್ಲಿ ಕೂಡುತ್ತವೆ. ಹೆಗ್ಗಡದೇವನಕೋಟೆಯಲ್ಲಿ 1974ರಲ್ಲಿ ಮುಗಿದ ಅಣೆಕಟ್ಟನ್ನು ದಾಟಿದ ಕಪಿಲೆಯು ತಿರುಮಕೂಡಲಿನಲ್ಲಿ ಅದೇ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಎತ್ತಿದ ನೀರನ್ನು ಬೆಂಗಳೂರು ಕುಡಿಯುತ್ತದೆ. ಬೆಂಗಳೂರು ಬಳಸಿಬಿಟ್ಟ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧಿಹೊಂದಿ 2018ರಿಂದ ಕೋಲಾರದ ಕೆರೆಗಳಿಗೆ ಹರಿದಿದೆ. ಹುಣಸೂರಿನ ಕೊಳಚೆಯು ಬೆರೆಯುತ್ತ ಬಂದಿರುವ ಹೊಳೆಗೆ ‘ತೀರ್ಥ’ವೆಂಬ ಹೆಸರು, ಶುದ್ಧಿಗೊಳಿಸಿದ ನೀರಿಗೆ ‘ತ್ಯಾಜ್ಯ’ವೆಂಬ ಹೆಸರು! ಈ ವೈಪರೀತ್ಯವು ವಿಚಾರಾರ್ಹವಾದುದು.

ಇದಕ್ಕೆ ತಕ್ಕ ಪದವು ಶಾಸ್ತ್ರದಲ್ಲಿಯೇ ಇದೆ. ಜೈಮಿನಿಯ ಸೂತ್ರಗಳ ಮೂರನೆಯ ಅಧ್ಯಾಯದಲ್ಲಿ, ಮತ್ತೊಂದರ ಪ್ರಯೋಜನಕ್ಕಾಗಿ ಇರುವುದನ್ನು ‘ಶೇಷ’ವೆಂದು ನಿರೂಪಿಸಿದೆ. ಲೋಕದಲ್ಲಿ ಉಳಿದದ್ದೂ ಶೇಷವೇ. ಈ ಎರಡರ್ಥಗಳೂ ‘ಶೇಷಜಲ’ದಲ್ಲಿ ಸೇರುತ್ತವೆ. ನಮ್ಮ ಒಕ್ಕಲಿಗರು ಮೇಲಿನ ಕೆರೆಯ ಕೋಡಿಯ ನೀರನ್ನು ಕೆಳಗಿನ ಕೆರೆಯ ಪಾಲೆಂದೇ ಬಗೆದರು. ಬಚ್ಚಲಿನ ನೀರು ಹಿತ್ತಿಲಿನ ಬಾಳೆಯ ಪಾಲಾಯಿತು. ನಾಗಪುರದ ಬಳಿಯ ಕೊರಾಡಿಯ ವಿದ್ಯುತ್ಸ್ಥಾವರವು ಆ ನಗರದ ಶೇಷಜಲವನ್ನು ಉಪಯೋಗಿಸುವುದೂ ಇದೇ ನ್ಯಾಯದಿಂದ.

ಹೆಸರನ್ನು ತಿದ್ದಿದರೆ ನೀರು ಶುದ್ಧವಾಗುವುದೇ, ‘ತ್ಯಾಜ್ಯ’ವೆಂಬುದು ಜನರಿಗೆ ಎಚ್ಚರಿಕೆಯಲ್ಲವೇ ಎಂದು ಆಕ್ಷೇಪಿಸಬಹುದು. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಂಡುದರಿಂದ ಈ ಆಕ್ಷೇಪಕ್ಕೆ ಬಲವಿದೆ. ಆದರೆ ಅಲ್ಲಿನ ಶಂಕೆಯು ಸಂಸ್ಕಾರದ ಪೂರ್ಣತೆಯನ್ನು ಕುರಿತದ್ದು. ಸಂಸ್ಕಾರವೆಂದೊಡನೆ ‘ಯಾವ ಪ್ರಯೋಜನಕ್ಕೆ?’ ಎಂಬ ಆಕಾಂಕ್ಷೆಯು ಏಳಲೇಬೇಕು. ಯಂತ್ರವನ್ನು ತಣಿಸಲು ಯೋಗ್ಯವಾದುದು ಪೈರಿಗೆ ಯೋಗ್ಯವೆನಿಸದೆ ಇರಬಹುದು. ಪೈರಿಗೆ ಯೋಗ್ಯವಾದುದು ಪಾನಕ್ಕೆ ಯೋಗ್ಯವಲ್ಲ. ‘ತ್ಯಾಜ್ಯ’ವೆಂಬ ಒಂದೇ ಮಾತು ಈ ಭೇದವನ್ನೆಲ್ಲ ಮುಚ್ಚುವುದರಿಂದ ಎಚ್ಚರಿಕೆಯ ಕೆಲಸವೂ ಅದರಿಂದ ನೆರವೇರದು.

ಆದುದರಿಂದ ಶುದ್ಧಿಗೆ ಮುನ್ನ ‘ಕೊಳಚೆ’ಯೆಂದೂ, ಶುದ್ಧಿಯ ಬಳಿಕ ಪ್ರಯೋಜನವನ್ನು ಮುಂದಿಟ್ಟು ‘ಕೃಷಿಯೋಗ್ಯ ಶೇಷಜಲ’, ‘ಯಂತ್ರಯೋಗ್ಯ ಶೇಷಜಲ’ ಎಂದೂ ಪ್ರಯೋಗಿಸುವುದು ಯುಕ್ತ. ಆಗ ನೀರನ್ನು ಕೊಡುವವರು ಅದರ ಯೋಗ್ಯತೆಗೆ ಹೊಣೆಗಾರರಾಗುವರು; ಪಡೆಯುವವರು ಅದನ್ನು ಕೇಳುವ ಹಕ್ಕುಳ್ಳವರಾಗುವರು.