ಹಿಮ್ಮೇಳ ಮನೆಯಲ್ಲಿ, ಆಟ ಪರವೂರಲ್ಲಿ

ಎದುರಾಳಿ ಆಟಗಾರರ ಹೆಸರು ಕರೆಯಲು ಧ್ವನಿವರ್ಧಕ ಶುರುವಿಟ್ಟುಕೊಂಡ ಕೂಡಲೇ ವಿದ್ಯಾರ್ಥಿಗಳ ಗ್ಯಾಲರಿಯಲ್ಲಿ ಪತ್ರಿಕೆಗಳು ಬಿಚ್ಚಿಕೊಳ್ಳುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ನಡೆಸುವ ‘ಕಾರ್ನೆಲ್ ಡೈಲಿ ಸನ್’ ಅದು. ಮುಖ ಪೂರ್ತಿ ಮರೆಯಾಗುವಂತೆ ಪತ್ರಿಕೆ ಎತ್ತಿ ಹಿಡಿದು, ಓದಿನಲ್ಲಿ ಮುಳುಗಿ ಹೋದವರಂತೆ ಪುಟ ಮಗುಚುತ್ತಾರೆ. ಒಂದೊಂದು ಹೆಸರು ಕೇಳಿದಾಗಲೂ ಪತ್ರಿಕೆಯ ಹಿಂದಿನಿಂದ ಬರುವುದು ಒಂದೇ ಮಾತು: ‘ಬೋರಿಂಗ್’. ಕೊನೆಯ ಹೆಸರು ಮುಗಿಯಿತೋ, ಕಾಗದವೆಲ್ಲ ಉಂಡೆಯಾಗಿ ಐಸ್ ಮೇಲೆ ಬೀಳುತ್ತದೆ. ಮರುಗಳಿಗೆಯಲ್ಲಿ ತಮ್ಮ ತಂಡದ ಮೊದಲ ಹೆಸರು ಕೇಳಿಬಂದಾಗ ಅದೇ ಜನ, ಅದೇ ಗಂಟಲು, ಕಿವಿಗಡಚಿಕ್ಕುವ ಕೂಗು.

ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಗುಡ್ಡದ ಊರಿನಲ್ಲಿರುವ ಲೈನಾ ರಿಂಕ್‌ನಲ್ಲಿ ಇದು ದಶಕಗಳಿಂದ ನಡೆದುಬಂದ ಪದ್ಧತಿ. ಇಲ್ಲಿನ ಅಭಿಮಾನಿಗಳಿಗೆ ‘ಲೈನಾ ಫೇತ್‌ಫುಲ್’ ಎಂದು ಹೆಸರು. ಹಾಕಿ ಎಂದರೆ ನಮಗೆ ಕೊಡಗಿನ ಮೈದಾನ ನೆನಪಾಗುತ್ತದೆ. ಇದು ಮಂಜುಗಡ್ಡೆಯ ಮೇಲಿನ ಹಾಕಿ. ಎರಡೂ ಕಡೆ ಆರಾರು ಜನ, ಇಪ್ಪತ್ತು ನಿಮಿಷದ ಮೂರು ಅವಧಿ, ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ. ಆಟದ ಬಗ್ಗೆ ಇಷ್ಟು ಸಾಕು. ನಾನು ಬೆಲೆ ಕಟ್ಟಹೊರಟಿರುವುದು ಗ್ಯಾಲರಿಯಲ್ಲಿ ನಡೆಯುವ ಇನ್ನೊಂದು ಆಟಕ್ಕೆ, ಮತ್ತು ರಾಷ್ಟ್ರೀಯ ಟೂರ್ನಿ ಹತ್ತಿರ ಬಂದ ಹಾಗೆ ಅದಕ್ಕೆ ಒದಗುವ ಗತಿಗೆ.

ಲೈನಾದ ಕೂಗಾಟವನ್ನು ಗದ್ದಲ ಎಂದು ತಳ್ಳಿಹಾಕುವವರು ಅದನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ. ಅದಕ್ಕೊಂದು ಕಟ್ಟು ಇದೆ. ಗ್ಯಾಲರಿಯಲ್ಲಿ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ದನದ ಕೊರಳಗಂಟೆ ಇರುತ್ತದೆ. ಅವನು ಕೋಲಿನಿಂದ ಒಂದು ಲಯ ಹೊಡೆಯುತ್ತಾನೆ, ಜನ ಅದೇ ಲೆಕ್ಕಕ್ಕೆ ಉತ್ತರ ಕೊಡುತ್ತಾರೆ. ಆಟ ಮಂದವಾದಾಗ ಗಂಟೆ ಎಚ್ಚರಿಸುತ್ತದೆ, ತಂಡ ಮುನ್ನುಗ್ಗುವಾಗ ಬ್ಯಾಂಡು ಸೇರಿಕೊಳ್ಳುತ್ತದೆ. ಯಾವ ಗಳಿಗೆಗೆ ಯಾವ ಕೂಗು ಎಂಬುದು ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ದಾಟುತ್ತದೆ. ನಾಲ್ಕೇ ವರ್ಷ ಇದ್ದು ಹೋಗುವ ಜನ ಐವತ್ತು ವರ್ಷದ ಪದ್ಧತಿಯನ್ನು ಮುಕ್ಕಾಗದಂತೆ ಉಳಿಸಿಕೊಂಡು ಬಂದಿದ್ದಾರೆ ಎಂಬುದೇ ನನಗೆ ದೊಡ್ಡ ಬೆರಗು. ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಇದು ಹಿಮ್ಮೇಳ. ರಂಗದ ಮೇಲೆ ಕುಣಿಯುವವರು ಬೇರೆ, ಆದರೆ ಕುಣಿತಕ್ಕೆ ಹದ ಸಿಗುವುದು ಹಿಂದೆ ಕೂತವರಿಂದ.

ಈ ಹಿಮ್ಮೇಳಕ್ಕೆ ಅನುಕೂಲವಾಗಿ ಒದಗಿರುವುದು ಕಟ್ಟಡ. ಮೊದಲು ಕ್ಯಾಂಪಸ್ಸಿನೊಳಗಿನ ಬೀಬಿ ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ಆಡುತ್ತಿದ್ದರು. 1957ರಲ್ಲಿ ಲೈನಾ ಬಾಗಿಲು ತೆರೆಯಿತು. ಈಗಲೂ ಅಲ್ಲಿ ಹಿಡಿಸುವುದು ನಾಲ್ಕು ಸಾವಿರಕ್ಕೆ ತುಸು ಮೇಲ್ಪಟ್ಟು ಜನ ಮಾತ್ರ. ಸೂರು ತಗ್ಗು, ಆಸನಗಳು ಐಸಿಗೆ ಅಂಟಿಕೊಂಡಂತೆ. ಕೂಗಿದ್ದು ಎಲ್ಲೂ ಸೋರಿಹೋಗುವುದಿಲ್ಲ. 1963ರಲ್ಲಿ ಕೋಚ್ ಆಗಿ ಬಂದ ನೆಡ್ ಹಾರ್ಕ್‌ನೆಸ್ ಇಲ್ಲಿ ಕಟ್ಟಿದ ತಂಡ 1967ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಗ ಗೋಲಿನಲ್ಲಿ ನಿಂತಿದ್ದವರು ಕೆನ್ ಡ್ರೈಡನ್, ಮುಂದೆ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ದಂತಕಥೆಯಾದವರು. 1970ರ ತಂಡವಂತೂ ಆಡಿದ 29 ಪಂದ್ಯಗಳನ್ನೂ ಗೆದ್ದಿತು. ಒಂದು ಸೋಲಿಲ್ಲ, ಒಂದು ಸಮವಿಲ್ಲ. ಕಾಲೇಜು ಹಾಕಿಯ ಮೇಲ್ದರ್ಜೆಯಲ್ಲಿ ಅಂಥ ಚಾಂಪಿಯನ್ ಇನ್ನೊಂದಿಲ್ಲ. ಕಾರ್ನೆಲ್ ಕೂಡ ಸೇರಿರುವ ‘ಐವಿ ಲೀಗ್’ ಕೂಟದ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡುವುದಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆಟಗಾರನೂ ಗ್ಯಾಲರಿಯವನೂ ಅದೇ ಪರೀಕ್ಷೆ ಬರೆಯುವವರು, ಅದೇ ಹಿಮದಲ್ಲಿ ಅದೇ ಗುಡ್ಡ ಹತ್ತಿ ತರಗತಿಗೆ ಹೋಗುವವರು. ‘ನಮ್ಮ ತಂಡ’ ಎಂಬ ಮಾತಿಗೆ ಇಲ್ಲಿ ಅಕ್ಷರಶಃ ಅರ್ಥವಿದೆ. ಸೀಸನ್ ಟಿಕೆಟ್ಟಿಗಾಗಿ ವಿದ್ಯಾರ್ಥಿಗಳು ಹಾಸಿಗೆ ಸುತ್ತಿಕೊಂಡು ಬಂದು ರಾತ್ರಿಯಿಡೀ ಸಾಲಿನಲ್ಲಿ ಮಲಗುತ್ತಿದ್ದ ಕಾಲವೂ ಇತ್ತು.

ಈ ನಂಟು ಎರಡೂ ಕಡೆಯಿಂದ ಎಷ್ಟು ಬಿಗಿ ಎಂಬುದಕ್ಕೆ ಮೈಕ್ ಶೇಫರ್ ಕಥೆ ಸಾಕು. 1980ರ ದಶಕದಲ್ಲಿ ಆಟಗಾರನಾಗಿದ್ದಾಗ, ಹಾರ್ವರ್ಡ್ ವಿರುದ್ಧದ ಪಂದ್ಯಕ್ಕೆ ಮುಂಚೆ ತನ್ನ ಹೆಸರು ಕರೆದ ಕ್ಷಣ ಆತ ಹಾಕಿ ಕೋಲನ್ನು ತನ್ನ ತಲೆಗೇ ಹೊಡೆದು ಮುರಿದ, ಗ್ಯಾಲರಿ ಹುಚ್ಚೆದ್ದಿತು. ಅದೇ ಶೇಫರ್ 1995ರಿಂದ 2025ರವರೆಗೆ ತಂಡದ ಕೋಚ್ ಆಗಿದ್ದರು.

ಮೆಚ್ಚಿದ್ದನ್ನು ಹೇಳಿದ ಮೇಲೆ ಮೆಚ್ಚದ್ದನ್ನೂ ಹೇಳಬೇಕು. ಹಾರ್ವರ್ಡ್ ತಂಡ ಬಂದ ದಿನ ಐಸ್ ಮೇಲೆ ಮೀನು ಎಸೆಯುತ್ತಾರೆ. 1970ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನಲ್ಲಿ ಆಡುವಾಗ ಯಾರೋ ಕಾರ್ನೆಲ್ ಗೋಲ್‌ಕೀಪರ್ ಕಡೆ ಸತ್ತ ಕೋಳಿ ಎಸೆದರಂತೆ. ಕಾರ್ನೆಲ್‌ನಲ್ಲಿ ಕೃಷಿ ಕಾಲೇಜು ಇದೆ, ರೈತರ ಮಕ್ಕಳು ಎಂಬ ಹೀಯಾಳಿಕೆ. ಅದಕ್ಕೆ ಕಡಲತೀರದ ಬಾಸ್ಟನ್ನಿನವರಿಗೆ ಮೀನಿನ ಉತ್ತರ. ಮೊದಲ ವರ್ಷ ಅದರಲ್ಲಿ ಚುರುಕಿತ್ತು, ಒಪ್ಪುತ್ತೇನೆ. ದೊಡ್ಡ ಮನೆತನದ ಕಾಲೇಜು ‘ನೀವು ಗೊಬ್ಬರ ಹೊರುವವರು’ ಎಂದಾಗ ಸುಮ್ಮನಿರದ ಆತ್ಮಗೌರವ ಇತ್ತು. ಐವತ್ತು ವರ್ಷದ ಮೇಲೂ ಅದೇ ಉತ್ತರ ಎಸೆಯುತ್ತಿದ್ದರೆ ಪ್ರಶ್ನೆ ಯಾರಿಗೂ ನೆನಪಿರುವುದಿಲ್ಲ, ಉಳಿಯುವುದು ಮೀನಿನ ನಾತ. ಆಟ ನಡೆಯುವಾಗ ಎಸೆದರೆ ತಮ್ಮ ತಂಡಕ್ಕೇ ಪೆನಾಲ್ಟಿ ಬೀಳುತ್ತದೆ. ಮೀನು ಹೆಕ್ಕಿ, ಲೋಳೆ ಕೆರೆದು ತೆಗೆಯುವ ಕೆಲಸ ಬೇರೆ ಯಾರದೋ ಪಾಲಿಗೆ. ಅದು ನನಗೆ ಸರಿಕಾಣದು.

ಇನ್ನೊಂದು ‘ಸೀವ್’ ಎಂಬ ಕೂಗು. ಸೀವ್ ಎಂದರೆ ಜರಡಿ. ಕಾರ್ನೆಲ್ ಗೋಲು ಹೊಡೆದಾಗಲೆಲ್ಲ ಇಡೀ ಗ್ಯಾಲರಿ ಎದುರಾಳಿ ಗೋಲ್‌ಕೀಪರ್ ಕಡೆ ಕೈ ತೋರಿಸಿ ‘ಜರಡಿ, ಜರಡಿ’ ಎಂದು ಕೂಗಿ, ತಪ್ಪೆಲ್ಲ ನಿನ್ನದೇ ಎಂದು ಹೇಳುತ್ತದೆ. ರೂಪಕ ಚೆನ್ನಾಗಿದೆ, ಇಷ್ಟು ಸಣ್ಣ ಶಬ್ದದಲ್ಲಿ ಇಷ್ಟು ಚಿತ್ರ ಸಿಗುವುದು ಅಪರೂಪ. ಆದರೆ ಗೋಲಿನೊಳಗೆ ಹೋದದ್ದು ಐದು ಜನರನ್ನು ದಾಟಿ ಬಂದ ಪಕ್. ಕೊನೆಯಲ್ಲಿ ನಿಂತವನೇ ತಪ್ಪಿತಸ್ಥ ಎನ್ನುವುದು ಆಟದ ಅರಿವಿರುವ ಜನ ಹೇಳುವ ಮಾತಲ್ಲ, ಮತ್ತು ಲೈನಾದ ಜನಕ್ಕೆ ಆಟ ಚೆನ್ನಾಗಿ ಗೊತ್ತು. ಡ್ರೈಡನ್‌ರಂಥ ಗೋಲ್‌ಕೀಪರನ್ನು ಎದೆಗೊತ್ತಿಕೊಂಡ ಗ್ಯಾಲರಿ ಇನ್ನೊಬ್ಬ ಹುಡುಗನ ಒಂಟಿತನವನ್ನು ಅರ್ಥ ಮಾಡಿಕೊಳ್ಳಬಲ್ಲದು ಎಂದು ನಾನು ನಂಬುತ್ತೇನೆ. ಪತ್ರಿಕೆಯ ಆಟ ಇಡೀ ತಂಡವನ್ನು ಕೆಣಕುತ್ತದೆ, ಯಾರಿಗೂ ಗಾಯವಾಗುವುದಿಲ್ಲ. ಜರಡಿಯ ಕೂಗು ಒಬ್ಬನ ಮೇಲೆ ನಾಲ್ಕು ಸಾವಿರ ಜನರ ಭಾರ ಹೇರುತ್ತದೆ.

ಈ ಎರಡು ಕಲೆಗಳನ್ನು ಬದಿಗಿಟ್ಟರೆ ಲೈನಾದ ಹಿಮ್ಮೇಳ ಕಾಲೇಜು ಕ್ರೀಡೆ ಹುಟ್ಟಿಸಿದ ಒಳ್ಳೆಯ ಸಂಗತಿಗಳಲ್ಲಿ ಒಂದು. ಅದು ಎಷ್ಟು ಒಳ್ಳೆಯದು ಎಂಬುದಕ್ಕೆ ಸಾಕ್ಷಿ ಹೊರಗಿನವರಿಂದಲೇ ಸಿಕ್ಕಿತು. ಆಗ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತು ಕ್ಯಾಂಪಸ್ ರಿಂಕ್‌ಗಳಲ್ಲೇ ನಡೆಯುತ್ತಿತ್ತು. 1991ರಲ್ಲಿ ಕಾರ್ನೆಲ್ ತಂಡ ಮೂರು ಪಂದ್ಯಗಳ ಸರಣಿಗಾಗಿ ಮಿಶಿಗನ್ ವಿಶ್ವವಿದ್ಯಾಲಯದ ಯೋಸ್ಟ್ ರಿಂಕ್‌ಗೆ ಹೋಯಿತು. ಅಭಿಮಾನಿಗಳೂ ಬೆನ್ನಿಗೆ ಹೋದರು. ಮೊದಲ ಪಂದ್ಯ ಕಾರ್ನೆಲ್ ಗೆದ್ದಿತು, ಸರಣಿ ಮಿಶಿಗನ್ ಪಾಲಾಯಿತು. ಆದರೆ ಆ ವಾರಾಂತ್ಯದಲ್ಲಿ ಹೆಚ್ಚು ಬಾಳಿಕೆ ಬಂದದ್ದು ಬೇರೆ. ತಮ್ಮದೇ ಅಂಗಳದಲ್ಲಿ ಬೆರಳೆಣಿಕೆಯ ಪರವೂರಿನವರು ಕಟ್ಟಿದ ಕೂಗಿನ ಮೇಳ ಕಂಡು ಮಿಶಿಗನ್ ವಿದ್ಯಾರ್ಥಿಗಳು ತಲೆದೂಗಿದರು, ಕೂಗುಗಳನ್ನು ಕಲಿತರು, ತಮ್ಮದಾಗಿಸಿಕೊಂಡರು. ಇಂದು ಯೋಸ್ಟ್‌ನ ಗ್ಯಾಲರಿ ದೇಶದಲ್ಲೇ ಹೆಸರುವಾಸಿ. ಅದರ ಬೇರು ಇಥಾಕಾದಲ್ಲಿದೆ ಎಂದು ಅಲ್ಲಿನ ಹಳಬರೂ ಒಪ್ಪುತ್ತಾರೆ. ಗೆದ್ದವರು ಸೋತವರಿಂದ ಕಲಿತ ಈ ಪ್ರಸಂಗ ನನಗೆ ಯಾವ ಟ್ರೋಫಿಗಿಂತಲೂ ಹೆಚ್ಚಿನದು.

ಅದರ ಮರುವರ್ಷದಿಂದಲೇ ಪುರುಷರ ಟೂರ್ನಿಯ ರೂಪ ಬದಲಾಯಿತು. ಕ್ಯಾಂಪಸ್ ಸರಣಿಗಳು ಹೋದವು, ತಟಸ್ಥ ಅಂಗಳದಲ್ಲಿ ಒಂದೇ ಪಂದ್ಯದ ಸೋಲು-ಗೆಲುವು ಬಂತು. ಈಗ 16 ತಂಡಗಳು, ನಾಲ್ಕು ಊರುಗಳಲ್ಲಿ ನಾಲ್ಕು ರೀಜನಲ್‌ಗಳು, ಗೆದ್ದ ನಾಲ್ವರಿಗೆ ಏಪ್ರಿಲ್‌ನಲ್ಲಿ ‘ಫ್ರೋಜನ್ ಫೋರ್’. ಯಾವ ತಂಡ ಎಲ್ಲಿಗೆ ಎಂಬುದು ಭಾನುವಾರ ಗೊತ್ತಾಗುತ್ತದೆ, ಆ ವಾರವೇ ಆಟ. ಅಷ್ಟರಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು, ವಾಹನ ಹೊಂದಿಸಿ, ಹೋಟೆಲ್ ಹುಡುಕಿ, ರಾತ್ರಿಯಿಡೀ ಪ್ರಯಾಣ ಮಾಡಬೇಕು. ಹೆಚ್ಚಿನವರಿಗೆ ಆಗದ ಮಾತು. ಅವರ ಪಾಲಿಗೆ ಉಳಿಯುವುದು ತಂಡದ ಬಸ್ಸು ಹೊರಡುವಾಗ ಕಾರ್ನೆಲ್‌ನ ಕೆಂಪು ಜೆರ್ಸಿ ತೊಟ್ಟು ಕೈ ಬೀಸುವ ಬೀಳ್ಕೊಡುಗೆ, ಆಮೇಲೆ ಟಿವಿ. ವರ್ಷವಿಡೀ ತಾಳ ಹಿಡಿದ ಹಿಮ್ಮೇಳವನ್ನು ಮನೆಯಲ್ಲಿ ಬಿಟ್ಟು ಮುಮ್ಮೇಳ ಒಂದೇ ದೊಡ್ಡ ಆಟಕ್ಕೆ ಹೊರಡುತ್ತದೆ. ಆ ಬೀಳ್ಕೊಡುಗೆಯನ್ನು ಸಂಭ್ರಮ ಎಂದು ಬರೆಯುವವರಿದ್ದಾರೆ. ನನಗೆ ಅದರಲ್ಲಿ ಹೆಚ್ಚು ಕಾಣುವುದು ವಿದಾಯ.

ತಟಸ್ಥ ಅಂಗಳದ ಪರವಾಗಿ ಹೇಳುವವರ ವಾದ ಹಗುರವೇನಲ್ಲ. ಒಂದೇ ಪಂದ್ಯದಲ್ಲಿ ವರ್ಷದ ಹಣೆಬರಹ ನಿರ್ಧಾರವಾಗುವಾಗ ಒಬ್ಬರ ಮನೆಯಂಗಳದಲ್ಲಿ ಆಡಿಸುವುದು ಇನ್ನೊಬ್ಬರಿಗೆ ಅನ್ಯಾಯ ಎನ್ನುತ್ತಾರೆ. ಕೆಲವು ಕ್ಯಾಂಪಸ್ ರಿಂಕ್‌ಗಳು ಚಿಕ್ಕವು, ಹಳೆಯವು ಎನ್ನುವುದೂ ನಿಜ. ಆದರೆ ತಟಸ್ಥ ಎಂಬ ಮಾತು ಎಷ್ಟು ನಿಲ್ಲುತ್ತದೆ? ರೀಜನಲ್‌ಗೆ ಆತಿಥ್ಯ ವಹಿಸಿದ ಕಾಲೇಜು ಟೂರ್ನಿಗೆ ಬಂದರೆ ಅದನ್ನು ಅದೇ ಊರಿನಲ್ಲಿ ಆಡಿಸುವುದು ನಿಯಮ. 2006ರಲ್ಲಿ ಕಾರ್ನೆಲ್ ವಿಸ್ಕಾನ್ಸಿನ್ ತಂಡವನ್ನು ಎದುರಿಸಿದ್ದು ಎಲ್ಲಿ? ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇಯಲ್ಲಿ, ವಿಸ್ಕಾನ್ಸಿನ್ ಅಭಿಮಾನಿಗಳ ನಡುವೆ. ಮಾಮೂಲಿ ಅರುವತ್ತು ನಿಮಿಷ ಗೋಲಿಲ್ಲ. ಒಂದು ಹೆಚ್ಚುವರಿ ಅವಧಿ, ಎರಡನೆಯದು, ಆಗಲೂ ಇಲ್ಲ. ಮೂರನೆಯದರಲ್ಲಿ ಜ್ಯಾಕ್ ಸ್ಕಿಲ್ ಹೊಡೆದ ಪಕ್ ಒಳಗೆ ಹೋಯಿತು, 1–0. ಹತ್ತಿರ ಹತ್ತಿರ ಎರಡು ಪಂದ್ಯಗಳಷ್ಟು ಹೊತ್ತು ಕಾರ್ನೆಲ್ ಗೋಲು ಕಾದ ಡೇವಿಡ್ ಮೆಕೀಗೆ ಆ ರಾತ್ರಿ ಬೇಕಾಗಿದ್ದದ್ದು ಎರಡನೇ ಹೆಚ್ಚುವರಿ ಅವಧಿಯಲ್ಲಿ ಬೆನ್ನ ಹಿಂದೆ ಕೇಳಬೇಕಾದ ಒಂದು ಗಂಟೆಯ ಸದ್ದು. ಅದು ಇದ್ದಿದ್ದರೆ ಗೆಲ್ಲುತ್ತಿದ್ದರು ಎಂದು ನಾನು ಹೇಳುವುದಿಲ್ಲ. ವಿಸ್ಕಾನ್ಸಿನ್ ಒಳ್ಳೆಯ ತಂಡ, ಆ ವರ್ಷದ ಚಾಂಪಿಯನ್ ಆದದ್ದೂ ಅದೇ. ನ್ಯಾಯದ ಹೆಸರಿನಲ್ಲಿ ನಡೆದ ಪಂದ್ಯದಲ್ಲಿ ಒಂದು ಕಡೆಗಷ್ಟೇ ಹಿಮ್ಮೇಳ ಇತ್ತು ಎಂಬುದು ನನ್ನ ದೂರು.

ಇನ್ನೊಂದು ಸಂಗತಿ ಗಮನಿಸಿ. ಕಾರ್ನೆಲ್ ಗೆದ್ದ ಎರಡೂ ರಾಷ್ಟ್ರೀಯ ಕಿರೀಟಗಳು ನ್ಯೂಯಾರ್ಕ್ ರಾಜ್ಯದಲ್ಲೇ ಬಂದವು. 1967ರದು ಇಥಾಕಾದಿಂದ ಒಂದು ಗಂಟೆ ದಾರಿಯ ಸಿರಾಕ್ಯೂಸ್‌ನಲ್ಲಿ, 1970ರದು ಲೇಕ್ ಪ್ಲಾಸಿಡ್‌ನಲ್ಲಿ. 2003ರಲ್ಲಿ ಫ್ರೋಜನ್ ಫೋರ್ ಸೇರಿ, ನ್ಯೂ ಹ್ಯಾಂಪ್‌ಶೈರ್‌ಗೆ ಒಂದೇ ಗೋಲಿನ ಅಂತರದಲ್ಲಿ ಸೋತದ್ದೂ ಅದೇ ರಾಜ್ಯದ ಬಫಲೋದಲ್ಲಿ. ಇದನ್ನು ಪುರಾವೆ ಎನ್ನಲಾರೆ. ಆದರೂ ಕಾರು ಹತ್ತಿ ಹೋಗಿಬರುವ ದೂರದಲ್ಲಿ ಆಟವಿದ್ದಾಗ ಕೆಂಪು ಜೆರ್ಸಿಗಳು ತಾವಾಗಿಯೇ ಬಂದು ತುಂಬುತ್ತವೆ ಎಂಬುದು ಲೇಕ್ ಪ್ಲಾಸಿಡ್‌ನಲ್ಲಿ ಈಗಲೂ ಕಣ್ಣಿಗೆ ಕಾಣುತ್ತದೆ. ಕೊನೆಯ ಸುತ್ತುಗಳು ಅಲ್ಲಿ ನಡೆಯುವ ತನ್ನ ಲೀಗ್‌ನ ಟೂರ್ನಿಯನ್ನು ಕಾರ್ನೆಲ್ 2024 ಮತ್ತು 2025ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು.

ಹಿಮ್ಮೇಳಕ್ಕೆ ಅತ್ಯಂತ ಕಠಿಣ ವರ್ಷ 2020. ಮಾರ್ಚ್ ಹೊತ್ತಿಗೆ ಕಾರ್ನೆಲ್‌ನ ಪುರುಷರ ತಂಡವೂ ಮಹಿಳೆಯರ ತಂಡವೂ ದೇಶದ ಶ್ರೇಯಾಂಕದಲ್ಲಿ ಒಂದನೇ ಸ್ಥಾನದಲ್ಲಿದ್ದವು. ಪುರುಷರು 29 ಪಂದ್ಯಗಳಲ್ಲಿ ಸೋತದ್ದು ಎರಡೇ. ಐವತ್ತು ವರ್ಷದ ಹಿಂದಿನ ಆ ಅಜೇಯ ತಂಡದ ನೆನಪು, ಈ ಬಾರಿ ಕಿರೀಟ ಬಂದೇಬರುತ್ತದೆ ಎಂಬ ನಿರೀಕ್ಷೆ, ಎರಡೂ ಒಟ್ಟಿಗೆ ಕೂಡಿಬಂದಿದ್ದವು. ಮಾರ್ಚ್ 12ರಂದು ಕೋವಿಡ್ ಕಾರಣಕ್ಕೆ ರಾಷ್ಟ್ರೀಯ ಟೂರ್ನಿಗಳೆಲ್ಲ ರದ್ದಾದವು. ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿ ಮನೆಗೆ ಹೊರಟರು. ಕೊನೆಯ ವರ್ಷದ ಆಟಗಾರರಿಗೆ ಕೊನೆಯ ಪಂದ್ಯ ಸಿಗಲಿಲ್ಲ. ಕೊನೆಯ ವರ್ಷದ ಕೂಗುಗಾರರಿಗೆ ಕೊನೆಯ ಕೂಗೂ ಸಿಗಲಿಲ್ಲ. ಆಟಗಾರರ ನಷ್ಟದ ಬಗ್ಗೆ ಬೇಕಾದಷ್ಟು ಬರೆದರು, ಬರೆಯಬೇಕಾದದ್ದೇ. ಗ್ಯಾಲರಿಯವರ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಪುರುಷರ ಟೂರ್ನಿಯ ಮೊದಲ ಸುತ್ತನ್ನಾದರೂ ಕ್ಯಾಂಪಸ್ಸಿಗೆ ಮರಳಿಸಬೇಕು ಎಂಬ ಚರ್ಚೆ ಕೋಚ್‌ಗಳ ನಡುವೆ ವರ್ಷಗಳಿಂದ ನಡೆದಿದೆ. ನಾನು ಅದರ ಪರ. ವರ್ಷವಿಡೀ ಚೆನ್ನಾಗಿ ಆಡಿ ಮೇಲಿನ ಶ್ರೇಯಾಂಕ ಗಳಿಸಿದ ತಂಡಕ್ಕೆ ತನ್ನ ಜನರ ಮುಂದೆ ಆಡುವ ಹಕ್ಕು ಕೊಟ್ಟರೆ ಅದು ದಾನವಾಗುವುದಿಲ್ಲ, ದುಡಿದದ್ದರ ಕೂಲಿ. ರೀಜನಲ್‌ಗಳ ದೊಡ್ಡ ಅಂಗಳಗಳಲ್ಲಿ ಸಾಲುಸಾಲು ಖಾಲಿ ಕುರ್ಚಿ ಕಾಣುವುದಕ್ಕಿಂತ ನಾಲ್ಕು ಸಾವಿರ ಜನ ಒತ್ತೊತ್ತಾಗಿ ನಿಂತ ಹಳೆಯ ಕಟ್ಟಡ ಈ ಆಟಕ್ಕೆ ಹೆಚ್ಚು ಒಪ್ಪುತ್ತದೆ. ಹೀಗೆ ಮಾಡಿದರೆ ಕಾರ್ನೆಲ್ ತಾನೇ ಎಷ್ಟೋ ಸಲ ಪರರ ಗದ್ದಲದ ನಡುವೆ ಆಡಬೇಕಾಗಬಹುದು, 1991ರ ಹಾಗೆ. ಆಡಲಿ. ಆಗ ಬೆರಳೆಣಿಕೆಯ ಜನ ಹೋಗಿ ಏನು ಮಾಡಿ ಬಂದರು ಎಂಬುದನ್ನು ನೋಡಿದೆವಲ್ಲ.

ಮಹಿಳೆಯರ ಟೂರ್ನಿಯಲ್ಲಿ ಇದು ಆಗಲೇ ನಡೆಯುತ್ತಿದೆ. ಅಲ್ಲಿ ಕ್ವಾರ್ಟರ್ ಫೈನಲ್ ಮೇಲಿನ ಶ್ರೇಯಾಂಕದ ತಂಡದ ಕ್ಯಾಂಪಸ್ಸಿನಲ್ಲಿ. 2025ರ ಮಾರ್ಚ್ ಮಧ್ಯದಲ್ಲಿ ಕಾರ್ನೆಲ್ ಮಹಿಳೆಯರು ಮಿನೆಸೋಟಾ ಡುಲುತ್ ತಂಡವನ್ನು ಲೈನಾದಲ್ಲೇ ಸೋಲಿಸಿ ಫ್ರೋಜನ್ ಫೋರ್‌ಗೆ ಹೋದರು. ಎರಡು ವಾರ ಕಳೆದು ಪುರುಷರು ಏಳು ಗಂಟೆ ದಾರಿಯ ಒಹಾಯೊದ ಟೊಲೀಡೋಗೆ ಹೋದರು. ಮಿಶಿಗನ್ ಸ್ಟೇಟ್‌ನಂಥ ಬಲಾಢ್ಯರನ್ನು ಕೊನೆಯ ಸೆಕೆಂಡುಗಳ ಗೋಲಿನಿಂದ 4–3ರಲ್ಲಿ ಮಣಿಸಿ, ಮುಂದಿನ ಪಂದ್ಯದಲ್ಲಿ ಬಾಸ್ಟನ್ ಯೂನಿವರ್ಸಿಟಿಗೆ ಹೆಚ್ಚುವರಿ ಅವಧಿಯಲ್ಲಿ 3–2ರಿಂದ ಸೋತರು. ಕೋಚ್ ಶೇಫರ್ ಅವರ ಕೊನೆಯ ಪಂದ್ಯ ಅದು. ತಲೆಗೆ ಕೋಲು ಹೊಡೆದುಕೊಂಡು ಲೈನಾವನ್ನು ಎಬ್ಬಿಸಿದ್ದ ಆ ಮನುಷ್ಯ ಮೂವತ್ತು ವರ್ಷದ ಕೆಲಸ ಮುಗಿಸಿದ್ದು ಲೈನಾದಿಂದ ಅಷ್ಟು ದೂರದಲ್ಲಿ.