ಮೂರಡಿ ಮೇಜಿನ ಮೇಲೆ ಸಿದ್ದೇಶ್ವರ

ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕೊಯ್ಲು, ಅದರ ಬೆನ್ನಿಗೇ ಕರಿಮೆಣಸು, ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್, ಮಳೆಗಾಲಕ್ಕೆ ಮುಂಚೆ ಬೋರ್ಡೋ ಸಿಂಪಡಣೆ, ಜುಲೈ ಆಗಸ್ಟ್‌ನಲ್ಲಿ ಗದ್ದೆ ನಾಟಿ. ಕೊಡಗಿನ ಶ್ರೀಮಂಗಲದ ಬೆಳೆಗಾರರ ವರ್ಷ ಹೀಗೆ ತುಂಬಿಹೋಗಿರುತ್ತದೆ. ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳಿಗೆ ಪೂಜೆ ಸಲ್ಲುತ್ತದೆ. ಆಯುಧ ಕೂಡ ಗದ್ದೆಯ ಕೆಲಸ ಮುಗಿಯುವವರೆಗೆ ಕಾದಿರಬೇಕಾದ ಸೀಮೆ ಇದು. ಇಂಥಲ್ಲಿ, ಇತಿಹಾಸದ ಕದನಗಳನ್ನು ಪುಟ್ಟ ಬೊಂಬೆ ಸೈನಿಕರನ್ನಿಟ್ಟು ಮೇಜಿನ ಮೇಲೆ ಆಡುವ ಹವ್ಯಾಸದ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ, ಅದಕ್ಕೆಲ್ಲ ಪುರಸೊತ್ತು ಯಾರಿಗಿದೆ ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲೆಂಡ್, ಅಮೆರಿಕದ ಕ್ಲಬ್ಬುಗಳಲ್ಲಿ ಬೆಳೆದ ಈ ಆಟದ ಪ್ರಸಿದ್ಧ ಚಿತ್ರವೆಂದರೆ ಹತ್ತಡಿ ಉದ್ದದ ಮೇಜು, ಬಣ್ಣ ಬಳಿದ ನೂರಾರು ಬೊಂಬೆಗಳು, ದಪ್ಪ ನಿಯಮಪುಸ್ತಕ ಮತ್ತು ಅದಕ್ಕೆಂದೇ ಎತ್ತಿಟ್ಟ ಇಡೀ ಭಾನುವಾರ. ಆ ರೂಪವನ್ನೇ ಅಸಲಿ ಎಂದುಕೊಂಡು, ಪುರಸೊತ್ತಿಲ್ಲದವರು ಆಡುವ ಚಿಕ್ಕ ಆಟವನ್ನು ಅದರ ಬಡ ನಕಲು ಎಂದು ನೋಡುವ ವಾಡಿಕೆಯಿದೆ. ನನ್ನ ವಾದ ಇದಕ್ಕೆ ಉಲ್ಟಾ: ಇತಿಹಾಸವನ್ನು ಓದುವ ಸಾಧನವಾಗಿ ಒಂದು ಗಂಟೆಯ ಆಟವೇ ಹೆಚ್ಚು ಉಪಯುಕ್ತ. ಅದನ್ನು ಮೂಲದಲ್ಲಿ ಬರೆದಂತೆ ಒಪ್ಪಿಕೊಳ್ಳದೆ ನಮ್ಮ ನೆಲಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು, ಅಷ್ಟೆ.

ಈ ಚಿಕ್ಕ ರೂಪಕ್ಕೆ ಒಂದು ಚೌಕಟ್ಟು ಕೊಟ್ಟ ಪುಸ್ತಕ ನೀಲ್ ಥಾಮಸ್ ಅವರ ‘ಒನ್ ಅವರ್ ವಾರ್‌ಗೇಮ್ಸ್’. 2014ರಲ್ಲಿ ಬಂದ ಈ ಪುಸ್ತಕ ಸಮಯವೂ ಜಾಗವೂ ಕಡಿಮೆ ಇರುವವರಿಗಾಗಿ ಎಂದು ಉಪಶೀರ್ಷಿಕೆಯಲ್ಲೇ ಹೇಳಿಕೊಳ್ಳುತ್ತದೆ. ಪ್ರಾಚೀನ ಕಾಲದಿಂದ ಎರಡನೇ ಮಹಾಯುದ್ಧದವರೆಗೆ 9 ಕಾಲಘಟ್ಟಗಳು, ಒಂದೊಂದಕ್ಕೂ ಕೆಲವೇ ಪುಟಗಳ ನಿಯಮ, ಎಲ್ಲಕ್ಕೂ ಹೊಂದುವ 30 ಸನ್ನಿವೇಶಗಳು. ಮೇಜು ಮೂರಡಿ ಚೌಕ. ಒಂದು ಪಕ್ಷಕ್ಕೆ ಹೆಚ್ಚೆಂದರೆ 6 ದಳಗಳು, ಕಾಲಘಟ್ಟಕ್ಕೆ 4 ಬಗೆಯ ಪಡೆಗಳು. ದಾಳ ಎಸೆದು ಬಿದ್ದ ಸಂಖ್ಯೆಯಷ್ಟು ಪೆಟ್ಟು, 15 ಪೆಟ್ಟು ತಿಂದ ದಳ ಮೇಜಿನಿಂದ ಹೊರಗೆ, 15 ಸರದಿಗಳಲ್ಲಿ ಆಟ ಮುಗಿಯಬೇಕು. ಸೈನಿಕರ ಎದೆಗಾರಿಕೆಗೆ ಬೇರೆ ಕೋಷ್ಟಕವಿಲ್ಲ, ಸೇನಾಪತಿಯ ಜಾಣತನಕ್ಕೆ ಅಂಕವಿಲ್ಲ. ಹಳೆಯ ಆಟಗಾರರು ಇದನ್ನು ಬಾಲಬೋಧೆ ಎಂದು ಬದಿಗಿಡುವುದು ಆಶ್ಚರ್ಯವೇನಲ್ಲ. ಬಾಲಬೋಧೆಯೋ ಅಲ್ಲವೋ ಎಂಬುದನ್ನು ವಾಟರ್ಲೂವಿನಂಥ ಸವೆದ ಉದಾಹರಣೆಯಿಂದ ತೀರ್ಮಾನಿಸುವ ಬದಲು ನಮ್ಮ ಗಡಿಯಲ್ಲೇ ನಡೆದ ಒಂದು ಕದನವನ್ನು ಆ ಮೇಜಿನ ಮೇಲಿಟ್ಟು ನೋಡುವುದು ಮೇಲು.

1799ರ ಮಾರ್ಚ್ 6ರಂದು, ಪಿರಿಯಾಪಟ್ಟಣದಿಂದ ಕೆಲವೇ ಮೈಲಿ ಪಶ್ಚಿಮಕ್ಕಿರುವ ಸಿದ್ದೇಶ್ವರದಲ್ಲಿ ಟಿಪ್ಪು ಸುಲ್ತಾನನ ಸೇನೆ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೇನೆಯ ಮುಂಚೂಣಿಯ ಮೇಲೆ ಬಿತ್ತು. ಕಣ್ಣೂರಿನಿಂದ ಹೊರಟು ಘಟ್ಟ ಹತ್ತಿ ಬಂದಿದ್ದ ಜನರಲ್ ಸ್ಟುವರ್ಟ್, ಕಾಡು ದಟ್ಟವಾಗಿದ್ದರಿಂದ ಇಡೀ ಸೇನೆಯನ್ನು ಒಂದೇ ಕಡೆ ನಿಲ್ಲಿಸಲಾಗದೆ, ಕರ್ನಲ್ ಮಾಂಟ್ರೆಸರ್ ಕೈಕೆಳಗೆ ಮೂರು ಸಿಪಾಯಿ ಬೆಟಾಲಿಯನ್‌ಗಳನ್ನು ಮುಂದಿಟ್ಟು ಉಳಿದವರನ್ನು ಹಲವು ಮೈಲಿ ಹಿಂದೆ ಇರಿಸಿದ್ದ. ಹಿಂದಿನ ದಿನ ಬೆಟ್ಟದ ಮೇಲಿಂದ ಟಿಪ್ಪುವಿನ ಬಿಡಾರವನ್ನು ಕಂಡು ಸುದ್ದಿ ಕೊಟ್ಟವರು ಕೊಡಗಿನ ರಾಜ ದೊಡ್ಡ ವೀರರಾಜೇಂದ್ರನ ಕಡೆಯವರು. ಬ್ರಿಟಿಷ್ ವರದಿಗಳ ಲೆಕ್ಕದಲ್ಲಿ ಸುಮಾರು 12,000 ಜನರ ಮೈಸೂರು ಪಡೆ ಬೆಳಿಗ್ಗೆ ಒಂಬತ್ತು ಹತ್ತರ ನಡುವೆ ಕಾಡಿನೊಳಗಿಂದ ಮುಂದೆಯೂ ಹಿಂದೆಯೂ ಏಕಕಾಲಕ್ಕೆ ಎರಗಿತು. ಸ್ಟುವರ್ಟ್ ನೆರವು ತಂದು ಸೇರಿಕೊಂಡದ್ದು ಮಧ್ಯಾಹ್ನ ಎರಡೂವರೆಯ ಹೊತ್ತಿಗೆ. ಅಷ್ಟರಲ್ಲಿ ಸಿಪಾಯಿಗಳ ಮದ್ದುಗುಂಡು ಹೆಚ್ಚುಕಡಿಮೆ ಮುಗಿದಿತ್ತು. ಚಿಕ್ಕ ಪಡೆ, ಗೊತ್ತಾದ ಜಾಗ, ಕಾಯಬೇಕಾದ ನೆರವು: ಥಾಮಸ್ ಅವರ ಮೇಜಿಗೆ ಅಳತೆ ತೆಗೆದು ಹೊಲಿದಂಥ ಕದನ.

ಆದರೆ ಆಟ ಮೊದಲ ಹೆಜ್ಜೆಯಲ್ಲೇ ನಿಂತುಹೋಗುತ್ತದೆ. ಈ ಕಾಲಕ್ಕೆ ಪುಸ್ತಕ ಕೊಡುವ ನಿಯಮಗಳ ಪ್ರಕಾರ ಕಾಡಿನೊಳಗೆ ಹೋಗಬಲ್ಲವರು ಚದುರಿ ಹೋರಾಡುವ ಹಗುರ ಪಡೆಯವರು ಮಾತ್ರ. ಸಾಲುಗಟ್ಟಿದ ಕಾಲಾಳಿಗೆ ಕಾಡು ನಿಷಿದ್ಧ. ಯೂರೋಪಿನ ಗೋಧಿ ಬಯಲಲ್ಲಿ ಅಲ್ಲೊಂದು ಇಲ್ಲೊಂದು ತೋಪು ಇರುವಾಗ ಈ ನಿಯಮ ಸರಿ. ಬ್ರಹ್ಮಗಿರಿಯಿಂದ ಪಿರಿಯಾಪಟ್ಟಣದ ಅಂಚಿನವರೆಗೆ ಕಾಡೇ ರಣರಂಗವಾದಲ್ಲಿ ಈ ನಿಯಮ ಇಟ್ಟುಕೊಂಡರೆ ಸಿದ್ದೇಶ್ವರದ ಕದನವೇ ನಡೆಯಕೂಡದು. ಸರಿ, ಕಾಲಾಳು ಕಾಡು ಹೊಗಬಹುದು, ಅರ್ಧ ವೇಗದಲ್ಲಿ ಎಂದು ತಿದ್ದಿಕೊಳ್ಳೋಣ. ಆರು ಗಂಟೆಯ ಕದನವನ್ನು 15 ಸರದಿಗೆ ಹಂಚಿದರೆ ಸರದಿಗೆ 24 ನಿಮಿಷ, ನೆರವು ಬರಬೇಕಾದದ್ದು 12ನೇ ಸರದಿಯ ಆಸುಪಾಸಿನಲ್ಲಿ. ಮಾಂಟ್ರೆಸರ್‌ಗೆ ಮೂರು ದಳ, ಅಂದರೆ ಒಟ್ಟು 45 ಪೆಟ್ಟಿನ ತ್ರಾಣ. ಮರೆಯಲ್ಲಿ ನಿಂತವರಿಗೆ ಪೆಟ್ಟು ಅರ್ಧ, ಹೀಗಾಗಿ ಒಂದು ದಳದ ಗುಂಡಿಗೆ ಸರಾಸರಿ ಸುಮಾರು 2. ಮೈಸೂರಿನ ಆರೂ ದಳಗಳು ಒಟ್ಟಿಗೆ ಗುಂಡು ಹಾರಿಸಿದರೆ ಸರದಿಗೆ 12 ಪೆಟ್ಟು, ನಾಲ್ಕನೇ ಸರದಿಗೆ ಮಾಂಟ್ರೆಸರ್ ಇಲ್ಲ. ನೆರವು ಬರುವುದು ತಿಥಿಗೆ. ಒಮ್ಮೆಗೆ ಎರಡೇ ದಳ ಎದುರಾಗಬಲ್ಲವು, ಕಾಡಿನ ಇಕ್ಕಟ್ಟು ಉಳಿದವರನ್ನು ಹಿಂದೆಯೇ ತಡೆಯುತ್ತದೆ ಎಂದಿಟ್ಟರೆ ಸರದಿಗೆ ನಾಲ್ಕು ಪೆಟ್ಟು. ಆಗ ಆ 45 ಪೆಟ್ಟಿನ ತ್ರಾಣ ತೀರುವುದು 12ನೇ ಸರದಿಗೆ, ಸ್ಟುವರ್ಟ್ ಬಂದು ಸೇರುವ ಹೊತ್ತಿಗೆ. ರಕ್ಷಕರ ಗುಂಡಿಗೆ ಬೀಳುವ ಮೈಸೂರಿನವರನ್ನು ಇಲ್ಲಿ ಎಣಿಸಿಲ್ಲ, ಇದು ಒರಟು ಲೆಕ್ಕ. ಆದರೂ ಅದು ಒಂದು ವಿಷಯವನ್ನು ಬಿಚ್ಚಿಡುತ್ತದೆ. ಸಿಪಾಯಿಗಳ ಕೆಚ್ಚನ್ನು ಹೊಗಳಿ ಮುಗಿಸುವ ಕಥನಗಳು ಎರಡೇ ಮಾತಿನಲ್ಲಿ ದಾಟಿಹೋಗುವ ಸಂಗತಿಯ ಮೇಲೆ, ಅಂದರೆ ಆಕ್ರಮಣಕಾರರ ಸಂಖ್ಯೆಯನ್ನು ಕಾಡು ನಿಷ್ಫಲಗೊಳಿಸಿತೆಂಬುದರ ಮೇಲೆ, ಇಡೀ ಫಲಿತಾಂಶ ನಿಂತಿದೆ. ಕಾಡಿನ ಕಾರಣಕ್ಕೆ ಸೇನೆಯನ್ನು ಒಡೆದ ಸ್ಟುವರ್ಟ್ ಅದೇ ಕಾಡಿನಿಂದ ಬದುಕಿಕೊಂಡ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಫಲಿತಾಂಶ ಮೊದಲೇ ಗೊತ್ತಿದ್ದು ಅದಕ್ಕೆ ಸರಿಹೊಂದುವಂತೆ ನಿಯಮ ತಿದ್ದಿದರೆ ಅದರಿಂದ ಏನು ಸಾಬೀತಾಯಿತು? ಜೊತೆಗೆ, ನಮಗಿರುವ ವಿವರಗಳೆಲ್ಲ ಗೆದ್ದವರು ಬರೆದಿಟ್ಟದ್ದು. ಸಾಬೀತು ಏನೂ ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಯಾವ ಊಹೆಯನ್ನು ಕಿತ್ತರೆ ಕಥೆ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಮುಂದಿನ ಓದಿಗೆ ಪ್ರಶ್ನೆ ಸಿಗುತ್ತದೆ: ಟಿಪ್ಪುವಿನ ಎಷ್ಟು ಜನ ನಿಜಕ್ಕೂ ಕೈಮಿಲಾಯಿಸಿದರು, ಹಿಂದಿನಿಂದ ಬಂದ ತುಕಡಿಗೆ ದಾರಿ ಎಷ್ಟು ಅಗಲವಿತ್ತು? ದೊಡ್ಡ ನಿಯಮಪುಸ್ತಕದಲ್ಲಿ ಈ ಬಗೆಯ ತಿದ್ದುಪಡಿ ಕಷ್ಟ. ಅಲ್ಲಿ ಒಂದು ಕೋಷ್ಟಕ ಮುಟ್ಟಿದರೆ ಹತ್ತು ಕೋಷ್ಟಕ ಅಲುಗಾಡುತ್ತವೆ, ಸೋಲು ಯಾವುದರಿಂದ ಬಂತೆಂದು ಹುಡುಕುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಚಿಕ್ಕ ಆಟವನ್ನು ಒಂದೇ ಸಂಜೆ ಎರಡು ಸಲ ಆಡಿ, ಎರಡನೆಯ ಸಲ ಒಂದೇ ಒಂದು ನಿಯಮ ಬದಲಿಸಿ ನೋಡಬಹುದು. ಚದುರಂಗ ಸಾಲದೇ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಚದುರಂಗದಲ್ಲಿ ಆನೆ ಕುದುರೆಗಳಿವೆ, ಸಿದ್ದೇಶ್ವರದ ಕಾಡಿಲ್ಲ.

ಇಷ್ಟು ಹೊಗಳಿದ ಮೇಲೆ ಈ ಆಟದ ದೊಡ್ಡ ಕುರುಡನ್ನೂ ಹೇಳಬೇಕು. 1791ರ ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸ್ ಟಿಪ್ಪುವನ್ನು ಹಿಮ್ಮೆಟ್ಟಿಸಿದ. ಮೇಜಿನ ಮೇಲೆ ಅದು ಇಂಗ್ಲಿಷರ ಗೆಲುವು, ಆಟ ಅಲ್ಲಿಗೆ ಮುಗಿಯಿತು. ನಿಜದಲ್ಲಿ ಕಾರ್ನ್‌ವಾಲಿಸ್‌ನ ಎತ್ತುಗಳು ಮೇವಿಲ್ಲದೆ ಸತ್ತಿದ್ದವು, ಮಳೆ ಹಿಡಿದಿತ್ತು. ಶ್ರೀರಂಗಪಟ್ಟಣ ಕಣ್ಣೆದುರಿಗಿದ್ದರೂ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಅವನು ಬೆಂಗಳೂರಿನ ಕಡೆ ಹಿಂತಿರುಗಿದ. ಕೊಡಗಿನ ಮೂಲಕ ಬಂದಿದ್ದ ಅಬರ್‌ಕ್ರಾಂಬಿಯೂ ಬಂದ ದಾರಿಯಲ್ಲೇ ವಾಪಸಾದ. ಆ ಸೇನೆಗೆ ದಾರಿ ಬಿಟ್ಟು ಅಕ್ಕಿ, ದನ ಒದಗಿಸಿದವನು ವೀರರಾಜೇಂದ್ರ. ಕೊಡಗಿನ ಪಾಲು ಬಹುಮಟ್ಟಿಗೆ ಇದ್ದದ್ದೇ ಅಲ್ಲಿ, ಘಾಟಿಯಲ್ಲಿ ಮತ್ತು ಅಕ್ಕಿಯಲ್ಲಿ. ಮೇ ತಿಂಗಳ ಕೊನೆಯಲ್ಲಿ ಹೆಗ್ಗಳ ಘಾಟಿಯಲ್ಲಿ ಭಾರ ಎಳೆಯುವುದೆಂದರೇನು ಎಂದು ಶ್ರೀಮಂಗಲದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ, ಥಾಮಸ್ ಅವರ ಪುಸ್ತಕಕ್ಕೆ ಮಾತ್ರ ಅದು ಗೊತ್ತಿಲ್ಲ. 1834ರ ಏಪ್ರಿಲ್‌ನದು ಇನ್ನೊಂದು ಬಗೆಯ ತೊಡಕು. ಕಂಪನಿಯ ಸೇನೆ ನಾಲ್ಕು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಉತ್ತರದಿಂದ ಬಂದ ತುಕಡಿ ಮರದ ಕೋಟೆಯೊಂದರ ಮುಂದೆ ಪೆಟ್ಟು ತಿಂದು ಹಿಂದೆ ಸರಿಯಿತು, ಕರಾವಳಿಯ ಕುಂಬಳೆ ಕಡೆಯಿಂದ ಬಂದದ್ದೂ ಹಿಮ್ಮೆಟ್ಟಿತು. ಆದರೂ ಏಪ್ರಿಲ್ 6ಕ್ಕೆ ಮಡಿಕೇರಿ ಬಿತ್ತು. ನಾಲ್ಕು ತುಕಡಿಗಳನ್ನು ನಾಲ್ಕು ಸಂಜೆಗಳಿಗೆ ಹಂಚಿ, ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಕಟ್ಟುವುದು ಸಾಧ್ಯ. ಬಿಡುವಿಲ್ಲದವರಿಗೆ ಇದು ಒಗ್ಗುವ ಉಪಾಯವೂ ಹೌದು. ಆದರೆ ಕಾದಬೇಕೋ ಶರಣಾಗಬೇಕೋ ಎಂದು ತೂಗಾಡುತ್ತಿದ್ದ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನ ಮನಸ್ಸಿಗೆ ಯಾವ ದಾಳ?

ನೈತಿಕ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಮನೆಮನೆಯಿಂದ ಸೇನೆಗೆ ಹೋದವರಿರುವ ಜಿಲ್ಲೆಯಲ್ಲಿ ಯುದ್ಧ ಆಟದ ವಸ್ತುವೇ ಎಂಬುದು ಒಂದು ಮಾತು. ಟಿಪ್ಪುವಿನ ಹೆಸರು ಕೊಡಗಿನಲ್ಲಿ ಇಂದಿಗೂ ಗಾಯದ ನೆನಪು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸೇನೆಯೇ ಅರ್ಧ ಉತ್ತರ ಕೊಟ್ಟಿದೆ. ಪ್ರಶ್ಯದ ಸೇನೆ 1824ರಲ್ಲೇ ನಕ್ಷೆಯ ಮೇಲಿನ ಯುದ್ಧದಾಟವನ್ನು ಅಧಿಕಾರಿಗಳ ತರಬೇತಿಗೆ ತಂದಿತ್ತು, ಸ್ಯಾಂಡ್ ಮಾಡೆಲ್ ಸುತ್ತ ನಿಂತು ದಾಳಿ ಯೋಜಿಸಿದ ನಿವೃತ್ತ ಯೋಧರು ನಮ್ಮಲ್ಲೇ ಇದ್ದಾರೆ. 1913ರಲ್ಲಿ ‘ಲಿಟಲ್ ವಾರ್ಸ್’ ಬರೆದು ಈ ಹವ್ಯಾಸಕ್ಕೆ ರೂಪ ಕೊಟ್ಟ ಎಚ್. ಜಿ. ವೆಲ್ಸ್, ನಿಜವಾದ ಯುದ್ಧ ಎಂಥ ದಡ್ಡತನವೆಂದು ಆ ಪುಸ್ತಕದ ಕೊನೆಯಲ್ಲೇ ವಾದಿಸಿದರು. ಅದರಿಂದ ಮರುವರ್ಷದ ಮಹಾಯುದ್ಧವೇನೂ ನಿಲ್ಲಲಿಲ್ಲ, ಆಟಕ್ಕೆ ಅಷ್ಟು ಶಕ್ತಿ ಇದೆಯೆಂದು ನಾನೂ ಹೇಳುತ್ತಿಲ್ಲ. ಎರಡನೆಯ ಆಕ್ಷೇಪಕ್ಕೆ ಮಿತಿ ಹಾಕಿಕೊಳ್ಳುವುದೇ ಉತ್ತರ. ಸೆರೆ, ಗಡೀಪಾರು, ನಿರಾಯುಧರ ಹತ್ಯೆ ಇವನ್ನು ದಾಳಕ್ಕೆ ಒಡ್ಡಬಾರದು. ಎರಡು ಸೇನೆಗಳು ಎದುರುಬದುರಾದ ಸಿದ್ದೇಶ್ವರವನ್ನು ಆಡಬಹುದು. ಅಲ್ಲಿ ಯಾರಾದರೊಬ್ಬರು ಟಿಪ್ಪುವಿನ ಜಾಗದಲ್ಲಿ ಕುಳಿತು ಅವನಿಗಾಗಿ ಗೆಲ್ಲಲು ತಲೆ ಓಡಿಸಲೇಬೇಕು. ಭಾಷಣ, ಮೆರವಣಿಗೆಗಳು ಯಾರಿಂದಲೂ ಕೇಳದ ಕೆಲಸ ಅದು.

ಬೊಂಬೆಗಳ ವಿಷಯ ಬೇಗ ಮುಗಿಸಬಹುದು. ಹೊರದೇಶದಿಂದ ತರಿಸುವ ಲೋಹದ ಬೊಂಬೆಗಳು ದುಬಾರಿ, ಬಣ್ಣ ಕಾಣದೆ ಡಬ್ಬಿಯಲ್ಲೇ ಉಳಿಯುವ ರಾಶಿ ಈ ಹವ್ಯಾಸದ ಜಗದ್ವಿಖ್ಯಾತ ರೋಗ. ಪೀಟರ್ ಡೆನಿಸ್ ಚಿತ್ರಿಸಿದಂಥ ಕಾಗದದ ಸೈನಿಕರು ಅಗ್ಗ, ಕತ್ತರಿಸಿ ಅಂಟಿಸಿದರೆ ಸಾಕು. ಆದರೆ ಜುಲೈ ತಿಂಗಳ ಶ್ರೀಮಂಗಲದ ತೇವಕ್ಕೆ ಅವು ಸುರುಳಿಯಾಗಿ ಬೂಷ್ಟು ಹಿಡಿಯುವುದು ಖಚಿತ. ಮರದ ತುಂಡಿಗೆ ಬಣ್ಣ ಬಳಿದರೂ ನಿಯಮಕ್ಕೆ ತೊಂದರೆಯಿಲ್ಲ. ನಷ್ಟ ಮಾತ್ರ ಇದೆ: ಟಿಪ್ಪುವಿನ ಸಿಪಾಯಿಯ ಅಂಗಿಯ ಹುಲಿಪಟ್ಟೆಯನ್ನು ಕುಂಚದ ತುದಿಯಲ್ಲಿ ಮೂಡಿಸುವಾಗ ದಕ್ಕುವ ತಿಳಿವಳಿಕೆ ಮರದ ತುಂಡಿನಿಂದ ಸಿಗದು. ಪಕ್ಷಕ್ಕೆ ಆರೇ ದಳ ಎಂದಾಗ ಆ ಬಣ್ಣದ ಕೆಲಸ ಕೂಡ ಒಂದು ಮಳೆಗಾಲದೊಳಗೆ ಮುಗಿಯುವಂಥದ್ದು. ಚಿಕ್ಕ ಆಟದ ಪರವಾಗಿ ಇದೂ ಒಂದು ಮಾತು.

ಒಟ್ಟಿನಲ್ಲಿ ಥಾಮಸ್ ಅವರ ಪುಸ್ತಕ ಕದನಕ್ಕೆ ಒಳ್ಳೆಯದು, ದಂಡಯಾತ್ರೆಗೆ ಸಾಲದು, ಕಾಡಿನ ವಿಷಯದಲ್ಲಿ ತಪ್ಪು. ಅದನ್ನು ಹಿಡಿದು ಕೂರುವ ಕೊಡಗಿನ ಓದುಗರಿಗೆ ಹೇಳುವುದಿಷ್ಟೆ: ವಾಟರ್ಲೂ ಆಮೇಲೆ ಆಡಿ, ಸಿದ್ದೇಶ್ವರದಿಂದ ಶುರುಮಾಡಿ. ಆ ಕಾಡಿನ ನಿಯಮವನ್ನು ಮೊದಲೇ ಹೊಡೆದುಹಾಕಿ.